ಸಂಧಿವಾತವಿರುವವರು ಔಷಧ ಸುರಕ್ಷತೆ ಮತ್ತು ಪುನಶ್ಚೇತನದ ಸಂಶೋಧನೆಯಲ್ಲಿ ಪಾಲ್ಗೊಳ್ಳುವುದು ಹೇಗೆ

ದೇಹದ ರೋಗನಿರೋಧಕ ಶಕ್ತಿಯೇ ಕೀಲುಗಳನ್ನು ಊದಿಸಿ ಕೆಡಿಸುವ ರುಮಟಾಯ್ಡ್ ಸಂಧಿವಾತಕ್ಕೆ (ಈ ಬರಹದಲ್ಲಿ ಸಂಧಿವಾತವೆಂದರೆ ಇದೇ) ಕೊಡುವ ಔಷಧ ಕೆಲಸ ಮಾಡಿದೆಯೇ ಎಂಬುದನ್ನು ಸಂಶೋಧಕರು ಬಹುಕಾಲ ನಿರ್ಧರಿಸುತ್ತಿದ್ದುದು ಊದಿಕೊಂಡ ಕೀಲುಗಳ ಎಣಿಕೆ, ಒತ್ತಿದರೆ ನೋಯುವ ಕೀಲುಗಳ ಎಣಿಕೆ, ನೋವಿನ ಅಂಕ, ಉರಿಯೂತದ ಮಟ್ಟ ತೋರಿಸುವ ಇಎಸ್‌ಆರ್‌ನಂಥ ರಕ್ತಪರೀಕ್ಷೆ ಮೊದಲಾದವುಗಳಿಂದ. ಈ ಬಗೆಯ ಕಾಯಿಲೆಗಳ ಸಂಶೋಧನೆಯಲ್ಲಿ ಯಾವುದನ್ನು ಅಳೆಯಬೇಕೆಂದು ಚರ್ಚಿಸಿ ತೀರ್ಮಾನಿಸುವ ಒಮೆರಾಕ್ಟ್ ಎಂಬ ಅಂತರರಾಷ್ಟ್ರೀಯ ಬಳಗವು 2002ರಲ್ಲಿ ಆಸ್ಟ್ರೇಲಿಯಾದಲ್ಲಿ ಸೇರಿದಾಗ ಮೊದಲ ಬಾರಿಗೆ ರೋಗಿಗಳನ್ನೂ ಚರ್ಚೆಗೆ ಕೂರಿಸಿಕೊಂಡಿತು. ತಮ್ಮನ್ನು ಹೈರಾಣಾಗಿಸುವ ಸುಸ್ತನ್ನು ಪ್ರಯೋಗಗಳು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿಲ್ಲ ಎಂಬುದು ಆ ರೋಗಿಗಳಿಂದ ಬಂದ ಮುಖ್ಯ ಮಾತು. 2006ರ ಸಭೆಯ ಹೊತ್ತಿಗೆ, ಈ ಕಾಯಿಲೆಯ ಅಧ್ಯಯನಗಳಲ್ಲಿ ಸುಸ್ತನ್ನೂ ಅಳೆಯಬೇಕೆಂದು ಬಳಗ ಒಪ್ಪಿಕೊಂಡಿತು. ಸಂಧಿವಾತದವರಿಗೆ ಸುಸ್ತಾಗುತ್ತದೆ ಎಂಬುದು ವೈದ್ಯರಿಗೆ ತಿಳಿಯದ ವಿಷಯವಾಗಿರಲಿಲ್ಲ. ಆದರೆ ಅದಕ್ಕೊಂದು ಅಳತೆ ಬೇಕು ಎಂದು ಪಟ್ಟು ಹಿಡಿದವರು ಅದನ್ನು ಅನುಭವಿಸುತ್ತಿದ್ದವರು.

ಈ ಮಾರ್ಗದರ್ಶಿ ಇಂಥ ಪಾಲ್ಗೊಳ್ಳುವಿಕೆಯನ್ನು ಕುರಿತದ್ದು. ವರ್ಷಗಟ್ಟಲೆ ಮಾತ್ರೆ ನುಂಗುವ, ವ್ಯಾಯಾಮ ಮಾಡುವ, ಮರುತಪಾಸಣೆಗೆ ಬೆಂಗಳೂರಿಗೋ ಮೈಸೂರಿಗೋ ಹುಬ್ಬಳ್ಳಿಗೋ ಬಸ್ಸು ಹಿಡಿಯುವ ರೋಗಿ ಮತ್ತು ಅವರ ಮನೆಯವರು ತಮ್ಮ ಅನುಭವವನ್ನು ಸಂಶೋಧನೆಗೆ ಒದಗುವ ಮಾಹಿತಿಯಾಗಿ ಹೇಗೆ ರೂಪಿಸಬಹುದು, ಅಡ್ಡಪರಿಣಾಮ ಕಂಡರೆ ಅದನ್ನು ಎಲ್ಲಿಗೆ ತಿಳಿಸಬೇಕು, ಆಸ್ಪತ್ರೆಯಲ್ಲಿ ಯಾರಾದರೂ ಅಧ್ಯಯನಕ್ಕೆ ಸೇರುವಿರಾ ಎಂದು ಕೇಳಿದರೆ ಏನನ್ನು ನೋಡಿ ಒಪ್ಪಬೇಕು ಅಥವಾ ನಿರಾಕರಿಸಬೇಕು ಎಂಬುದನ್ನು ಇಲ್ಲಿ ವಿವರಿಸಿದೆ. ಉದಾಹರಣೆಗಳು ಬಹುಪಾಲು ಸಂಧಿವಾತದವು. ಸಕ್ಕರೆ ಕಾಯಿಲೆ, ಉಬ್ಬಸ, ಪಾರ್ಶ್ವವಾಯುವಿನ ನಂತರದ ಬದುಕು ಮುಂತಾದ ದೀರ್ಘಕಾಲದ ತೊಂದರೆಗಳಿಗೂ ಇದರ ಬಹುಪಾಲು ಅನ್ವಯಿಸುತ್ತದೆ. ಇದನ್ನು ಓದಿ ಯಾರೂ ತಮ್ಮ ಔಷಧದ ಪ್ರಮಾಣವನ್ನು ತಾವೇ ಬದಲಿಸಿಕೊಳ್ಳಬಾರದು. ಸ್ಟೆರಾಯ್ಡ್ ಮಾತ್ರೆಯನ್ನಂತೂ ಇದ್ದಕ್ಕಿದ್ದಂತೆ ನಿಲ್ಲಿಸುವುದು ಅಪಾಯಕಾರಿ.

ನಿಮ್ಮ ಅಳತೆಯನ್ನು ನೀವೇ ಗುರುತಿಸಿಕೊಳ್ಳಿ

ಚಿಕಿತ್ಸೆಯಿಂದ ನಿಮಗೆ ಯಾವ ಕೆಲಸ ಮತ್ತೆ ಸಾಧ್ಯವಾಗಬೇಕು ಎಂಬ ಪ್ರಶ್ನೆಯಿಂದ ಆರಂಭಿಸಿ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡು 1980ರಲ್ಲಿ ಪ್ರಕಟವಾದ ಎಚ್‌ಎಕ್ಯೂ ಎಂಬ ಪ್ರಶ್ನಾವಳಿ ಸಂಧಿವಾತದ ಅಧ್ಯಯನಗಳಲ್ಲಿ ಇಂದಿಗೂ ಬಳಕೆಯಲ್ಲಿದೆ. ಅದನ್ನು ನಮ್ಮ ದೇಶದ ಸಂಶೋಧಕರು ಇಲ್ಲಿನ ಬದುಕಿಗೆ ಹೊಂದುವಂತೆ ಬದಲಿಸಿಕೊಂಡರು. ಹಾಗಾಗಿ ಭಾರತೀಯ ರೂಪದಲ್ಲಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಲು ಅಥವಾ ಶೌಚಾಲಯದಲ್ಲಿ ಕುಕ್ಕರಗಾಲಲ್ಲಿ ಕೂರಲು ಆಗುತ್ತದೆಯೇ, ಆಟೋರಿಕ್ಷಾ ಹತ್ತಿ ಇಳಿಯಲು ಆಗುತ್ತದೆಯೇ, ತರಕಾರಿ ಮಾರುಕಟ್ಟೆಗೆ ಹೋಗಿ ಬರಲು ಆಗುತ್ತದೆಯೇ, ಮೂರು ಕಿಲೋಮೀಟರ್ ನಡೆಯಲು ಆಗುತ್ತದೆಯೇ ಎಂಬ ಪ್ರಶ್ನೆಗಳಿವೆ. ಪ್ರತಿಯೊಂದಕ್ಕೂ ಕಷ್ಟವಿಲ್ಲದೆ, ಸ್ವಲ್ಪ ಕಷ್ಟದಿಂದ, ಬಹಳ ಕಷ್ಟದಿಂದ, ಆಗುವುದೇ ಇಲ್ಲ ಎಂಬ ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸಬೇಕು. ಇಷ್ಟು ಸರಳವಾದ ಪ್ರಶ್ನೆಗಳು ಔಷಧದ ಯಶಸ್ಸನ್ನು ತೂಗುವ ಮಾನದಂಡಗಳಾಗಿರುವುದರಿಂದ, ಇವುಗಳಿಗೆ ಕೊಡುವ ಉತ್ತರದಲ್ಲಿ ಸಂಕೋಚಕ್ಕೆ ಎಡೆಯಿರಬಾರದು. ವೈದ್ಯರಿಗೆ ಬೇಸರವಾದೀತೆಂದು "ಪರವಾಗಿಲ್ಲ, ಆಗುತ್ತದೆ" ಎಂದು ಗುರುತು ಹಾಕುವವರು ಬಹಳ ಮಂದಿ. ಹಾಗೆ ಮಾಡಿದರೆ ನಾಟದ ಔಷಧವೂ ಕಾಗದದ ಮೇಲೆ ನಾಟಿದಂತೆ ತೋರುತ್ತದೆ.

ಈ ಪ್ರಶ್ನಾವಳಿಯಲ್ಲಿ ಇಲ್ಲದ, ಆದರೆ ನಿಮ್ಮ ದಿನವನ್ನು ನಿರ್ಧರಿಸುವ ಎರಡು ಮೂರು ಕೆಲಸಗಳನ್ನು ನೀವೇ ಸೇರಿಸಿಕೊಳ್ಳಿ. ಮುದ್ದೆ ತಿರುವುವುದು, ಸೀರೆಯ ನೆರಿಗೆ ಹಿಡಿಯುವುದು, ಹಾಲು ಕರೆಯುವುದು, ಸ್ಕೂಟರಿನ ಬ್ರೇಕ್ ಒತ್ತುವುದು, ಮಗುವನ್ನು ಎತ್ತಿಕೊಳ್ಳುವುದು, ಯಾವುದಾದರೂ ಆದೀತು. ಒಂದು ಸಾಮಾನ್ಯ ನೋಟ್‌ಪುಸ್ತಕದಲ್ಲಿ ವಾರಕ್ಕೊಮ್ಮೆ, ಸಾಧ್ಯವಾದಷ್ಟು ಒಂದೇ ದಿನ, ಒಂದೇ ಹೊತ್ತಿನಲ್ಲಿ ನಾಲ್ಕು ಸಾಲು ಬರೆದರೆ ಸಾಕು. ಉದಾಹರಣೆಗೆ: "ಸೋಮವಾರ. ಬೆಳಿಗ್ಗೆ ಎದ್ದ ಮೇಲೆ ಕೈಬೆರಳ ಬಿಗಿತ ಒಂದು ಗಂಟೆ ಹತ್ತು ನಿಮಿಷ. ಹಾಲಿನ ಪ್ಯಾಕೆಟ್ ಕತ್ತರಿಯಿಲ್ಲದೆ ತೆರೆಯಲಾಗಲಿಲ್ಲ. ಮುದ್ದೆ ತಿರುವಲು ಸೊಸೆ ಬರಬೇಕಾಯಿತು. ಸುಸ್ತು ಹತ್ತಕ್ಕೆ ಆರು." ಬಿಗಿತವನ್ನು ನಿಮಿಷಗಳಲ್ಲಿ ಬರೆಯುವುದು ಮುಖ್ಯ. "ತುಂಬ ಹೊತ್ತು" ಎಂದು ಬರೆದರೆ ಮೂರು ತಿಂಗಳ ನಂತರ ಅದು ಕಡಿಮೆಯಾಯಿತೋ ಹೆಚ್ಚಾಯಿತೋ ನಿಮಗೇ ತಿಳಿಯುವುದಿಲ್ಲ. ಬರೆಯಲು ಬೆರಳು ಸಹಕರಿಸದವರು ಮೊಬೈಲಿನಲ್ಲಿ ಧ್ವನಿ ಮುದ್ರಿಸಿಟ್ಟುಕೊಂಡು, ಮನೆಯವರಿಂದ ಬರೆಸಬಹುದು. ಆದರೆ ಅಂಕ ಮಾತ್ರ ರೋಗಿಯದೇ ಆಗಿರಬೇಕು. ಪಕ್ಕದಲ್ಲಿ ಕುಳಿತವರು "ನಿನ್ನೆಗಿಂತ ಚೆನ್ನಾಗಿದ್ದೀರಲ್ಲ" ಎಂದು ಸೇರಿಸುವುದು ಪ್ರೀತಿಯಿಂದಲೇ ಆದರೂ ದಾಖಲೆಯನ್ನು ಕೆಡಿಸುತ್ತದೆ.

ಔಷಧದ ದಾಖಲೆ: ಇಲ್ಲಿ ಮೈಮರೆಯುವಂತಿಲ್ಲ

ಸಂಧಿವಾತದ ಚಿಕಿತ್ಸೆಯಲ್ಲಿ ಬೆನ್ನೆಲುಬಿನಂತಿರುವ ಔಷಧ ಮೆಥೊಟ್ರೆಕ್ಸೇಟ್. ಇದನ್ನು ವಾರಕ್ಕೆ ಒಂದು ದಿನ ಮಾತ್ರ ತೆಗೆದುಕೊಳ್ಳಬೇಕು. ಮಾತ್ರೆಯೆಂದರೆ ದಿನವೂ ನುಂಗುವುದು ಎಂಬ ರೂಢಿಯಿಂದಾಗಿ ಇದನ್ನು ಪ್ರತಿದಿನ ತೆಗೆದುಕೊಂಡು ಪ್ರಾಣಕ್ಕೆ ಕುತ್ತು ತಂದುಕೊಂಡ ಪ್ರಕರಣಗಳು ಪ್ರಪಂಚದ ಅನೇಕ ದೇಶಗಳಿಂದ ವರದಿಯಾಗಿವೆ. ಇದರ ಜೊತೆಗೆ ಕೊಡುವ ಫೋಲಿಕ್ ಆಸಿಡ್ ಮಾತ್ರೆ ಅಡ್ಡಪರಿಣಾಮಗಳನ್ನು ಕಡಿಮೆ ಮಾಡುವುದಕ್ಕಾಗಿ ಇರುವಂಥದ್ದು. ಎರಡೂ ಸಣ್ಣ ಹಳದಿ ಮಾತ್ರೆಗಳಾಗಿರುವುದುಂಟು, ಒಂದರ ಬದಲು ಇನ್ನೊಂದನ್ನು ನುಂಗುವ ಸಾಧ್ಯತೆ ಅಲ್ಲಿಂದಲೇ ಹುಟ್ಟುತ್ತದೆ. ಅಲ್ಲದೆ ಮೆಥೊಟ್ರೆಕ್ಸೇಟ್ 2.5, 5, 7.5, 10 ಮಿಲಿಗ್ರಾಂ ಹೀಗೆ ಹಲವು ಪ್ರಮಾಣಗಳಲ್ಲಿ ಸಿಗುತ್ತದೆ. ಔಷಧದ ಅಂಗಡಿಯಲ್ಲಿ ಕಳೆದ ತಿಂಗಳು 2.5ರ ಮಾತ್ರೆ ಕೊಟ್ಟು ಈ ತಿಂಗಳು 10ರದ್ದನ್ನು ಕೊಟ್ಟರೆ, "ಮೂರು ಮಾತ್ರೆ" ಎಂದು ಎಣಿಸಿ ನುಂಗುವವರಿಗೆ ನಾಲ್ಕು ಪಟ್ಟು ಔಷಧ ಒಳಹೋಗುತ್ತದೆ. ಆದ್ದರಿಂದ ಚೀಟಿಯಲ್ಲಿ ವಾರದ ದಿನದ ಹೆಸರನ್ನು ಅಕ್ಷರದಲ್ಲಿ ಬರೆಯುವಂತೆ ವೈದ್ಯರನ್ನು ಕೇಳಿ, ಮಾತ್ರೆಯ ಸಂಖ್ಯೆಯ ಜೊತೆಗೆ ಒಟ್ಟು ಮಿಲಿಗ್ರಾಂ ಎಷ್ಟೆಂದು ತಿಳಿದುಕೊಳ್ಳಿ, ಅಂಗಡಿಯಿಂದ ತಂದ ಪ್ರತಿ ಸ್ಟ್ರಿಪ್ಪಿನ ಮೇಲಿನ ಅಂಕಿಯನ್ನು ಮನೆಯಲ್ಲಿ ಇನ್ನೊಬ್ಬರಿಂದಲೂ ಓದಿಸಿ.

ದಾಖಲೆಯ ಪುಟದಲ್ಲಿ ಔಷಧದ ರಾಸಾಯನಿಕ ಹೆಸರು, ಕಂಪನಿಯ ಹೆಸರು, ಬ್ಯಾಚ್ ಸಂಖ್ಯೆ, ಎಷ್ಟು ಮಿಲಿಗ್ರಾಂ, ಯಾವ ದಿನ ಆರಂಭ, ಯಾವ ದಿನ ಬದಲಾವಣೆ ಇಷ್ಟನ್ನು ಬರೆದಿಡಿ. ಸ್ಟ್ರಿಪ್ಪಿನ ಫೋಟೋ ತೆಗೆದಿಟ್ಟರೆ ಇದರ ಅರ್ಧ ಕೆಲಸ ಮುಗಿಯುತ್ತದೆ. ಇದೇ ಪುಟದಲ್ಲಿ ನೀವು ಬೇರೆ ಯಾರಿಂದಲೇ ಪಡೆದ ಔಷಧಗಳನ್ನೂ ಬರೆಯಲೇಬೇಕು: ಜ್ವರಕ್ಕೆ ಊರಿನ ಕ್ಲಿನಿಕ್ಕಿನಲ್ಲಿ ಕೊಟ್ಟ ಮಾತ್ರೆ, ನೋವಿಗೆ ಅಂಗಡಿಯಲ್ಲಿ ಕೇಳಿ ತಂದದ್ದು, ನಾಟಿವೈದ್ಯರ ಪುಡಿ, ಆಯುರ್ವೇದದ ಕಷಾಯ. ಇದಕ್ಕೆ ಗಟ್ಟಿಯಾದ ಕಾರಣವಿದೆ. ಮೂತ್ರದ ಸೋಂಕಿಗೆ ಸಾಮಾನ್ಯವಾಗಿ ಬರೆದುಕೊಡುವ ಕೋಟ್ರೈಮೊಕ್ಸಜೋಲ್ ಎಂಬ ಆಂಟಿಬಯಾಟಿಕ್ ಮೆಥೊಟ್ರೆಕ್ಸೇಟಿನ ಜೊತೆ ಸೇರಿದರೆ ಅಸ್ಥಿಮಜ್ಜೆಯಲ್ಲಿ ರಕ್ತಕಣಗಳ ತಯಾರಿಕೆ ಅಪಾಯಕರ ಮಟ್ಟಕ್ಕೆ ಕುಸಿಯಬಹುದು. ಎರಡನ್ನೂ ಬೇರೆಬೇರೆ ವೈದ್ಯರು ಒಳ್ಳೆಯ ಉದ್ದೇಶದಿಂದಲೇ ಕೊಟ್ಟಿರುತ್ತಾರೆ, ಇಬ್ಬರ ಚೀಟಿಯನ್ನೂ ಒಟ್ಟಿಗೆ ನೋಡಬಲ್ಲವರು ನೀವು ಮಾತ್ರ. ನಾಟಿ ಔಷಧ ತೆಗೆದುಕೊಂಡದ್ದನ್ನು ಬೈಸಿಕೊಳ್ಳುವ ಭಯದಿಂದ ಮುಚ್ಚಿಡುವುದು ನಮ್ಮಲ್ಲಿ ಬಹಳ ಸಾಮಾನ್ಯ. ಆ ಭಯ ಹುಟ್ಟದಂತೆ ಕೇಳುವುದು ವೈದ್ಯರ ಹೊಣೆ ಎಂದು ನಾನು ದೃಢವಾಗಿ ನಂಬುತ್ತೇನೆ.

ರಕ್ತಪರೀಕ್ಷೆಗಳ ವರದಿಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿಡಿ. ಔಷಧ ಆರಂಭಿಸಿದ ಮೊದಲ ತಿಂಗಳುಗಳಲ್ಲಿ ಎರಡರಿಂದ ನಾಲ್ಕು ವಾರಗಳಿಗೊಮ್ಮೆ, ಆಮೇಲೆ ಎರಡು ಮೂರು ತಿಂಗಳಿಗೊಮ್ಮೆ ರಕ್ತಕಣಗಳ ಎಣಿಕೆ, ಯಕೃತ್ತಿನ ಕಿಣ್ವಗಳು ಮತ್ತು ಮೂತ್ರಪಿಂಡದ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ನೋಡುವುದು ರೂಢಿ. ಬಾಯಿಹುಣ್ಣು, ಜ್ವರದೊಂದಿಗೆ ಗಂಟಲುನೋವು, ಕಾರಣವಿಲ್ಲದ ರಕ್ತಸ್ರಾವ ಅಥವಾ ಚರ್ಮದಲ್ಲಿ ನೀಲಿ ಕಲೆ, ಹೊಸದಾಗಿ ಕಾಣಿಸಿಕೊಂಡ ಒಣಕೆಮ್ಮು ಮತ್ತು ಏದುಸಿರು, ಕಣ್ಣು ಹಳದಿಯಾಗುವುದು ಇವುಗಳಲ್ಲಿ ಯಾವುದೇ ಕಂಡರೂ ನೋಟ್‌ಪುಸ್ತಕಕ್ಕಾಗಿ ಕಾಯದೆ ಅಂದೇ ವೈದ್ಯರನ್ನು ಕಾಣಬೇಕು. ಗರ್ಭ ಧರಿಸುವ ಆಲೋಚನೆಯಿರುವವರು ಅದಕ್ಕೆ ಬಹಳ ಮೊದಲೇ ವೈದ್ಯರೊಂದಿಗೆ ಮಾತನಾಡಬೇಕು, ಏಕೆಂದರೆ ಈ ಔಷಧ ಭ್ರೂಣಕ್ಕೆ ಹಾನಿ ಮಾಡುತ್ತದೆ.

ಅಡ್ಡಪರಿಣಾಮವನ್ನು ವರದಿ ಮಾಡುವ ಬಗೆ

ಮಾರುಕಟ್ಟೆಗೆ ಬರುವ ಮೊದಲು ಔಷಧವೊಂದನ್ನು ಸಾಮಾನ್ಯವಾಗಿ ಕೆಲವು ಸಾವಿರ ಜನರ ಮೇಲೆ, ಸೀಮಿತ ಅವಧಿಗೆ ಪರೀಕ್ಷಿಸಿರುತ್ತಾರೆ. ವರ್ಷಗಟ್ಟಲೆ ತೆಗೆದುಕೊಂಡಾಗ ಏನಾಗುತ್ತದೆ, ಇನ್ನೂ ನಾಲ್ಕು ಕಾಯಿಲೆಗಳಿರುವ ಎಪ್ಪತ್ತು ವರ್ಷದವರಿಗೆ ಏನಾಗುತ್ತದೆ ಎಂಬುದು ಬಹುಪಾಲು ತಿಳಿಯುವುದು ಆಮೇಲೆ. ಕೀಲುನೋವಿಗೆ ಲಕ್ಷಾಂತರ ಜನ ಬಳಸುತ್ತಿದ್ದ ರೋಫೆಕಾಕ್ಸಿಬ್ ಮಾತ್ರೆಯನ್ನು, ದೀರ್ಘಕಾಲ ತೆಗೆದುಕೊಂಡವರಲ್ಲಿ ಹೃದಯಾಘಾತ ಮತ್ತು ಪಾರ್ಶ್ವವಾಯುವಿನ ಅಪಾಯ ಹೆಚ್ಚಿದ್ದು ಪ್ರಯೋಗವೊಂದರಲ್ಲಿ ಖಚಿತವಾದ ಮೇಲೆ, ತಯಾರಕರು 2004ರ ಸೆಪ್ಟೆಂಬರ್ 30ರಂದು ಪ್ರಪಂಚದಾದ್ಯಂತ ಹಿಂತೆಗೆದುಕೊಂಡರು. ಅದು ಮಾರುಕಟ್ಟೆಗೆ ಬಂದದ್ದು 1999ರಲ್ಲಿ.

ಭಾರತದಲ್ಲಿ ಇಂಥ ಮಾಹಿತಿಯನ್ನು ಸಂಗ್ರಹಿಸಲು 2010ರಲ್ಲಿ ಆರಂಭವಾದ ಫಾರ್ಮಕೋವಿಜಿಲೆನ್ಸ್ (ಔಷಧ ಸುರಕ್ಷತೆಯ ನಿಗಾ) ಕಾರ್ಯಕ್ರಮವಿದೆ. 2011ರಿಂದ ಇದರ ರಾಷ್ಟ್ರೀಯ ಕೇಂದ್ರ ಗಾಜಿಯಾಬಾದಿನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್. ಅನೇಕ ವೈದ್ಯಕೀಯ ಕಾಲೇಜುಗಳಲ್ಲಿ ಇದರ ನಿಗಾ ಕೇಂದ್ರಗಳಿವೆ, ಸಾಮಾನ್ಯವಾಗಿ ಫಾರ್ಮಕಾಲಜಿ ವಿಭಾಗದಲ್ಲಿ. ರೋಗಿಯೇ ನೇರವಾಗಿ ವರದಿ ಮಾಡಬಹುದು ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ. ಗ್ರಾಹಕರಿಗಾಗಿಯೇ ಇರುವ ನಮೂನೆ ಕನ್ನಡದಲ್ಲೂ ಲಭ್ಯವಿದೆ. 1800-180-3024 ಎಂಬ ಉಚಿತ ಸಹಾಯವಾಣಿಗೆ ಕೆಲಸದ ದಿನಗಳಲ್ಲಿ ಕರೆ ಮಾಡಿಯೂ ತಿಳಿಸಬಹುದು. ಇಲ್ಲಿಂದ ಮಾಹಿತಿಯು ಸ್ವೀಡನ್ನಿನ ಉಪ್ಸಾಲಾದಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗಿ ಕೇಂದ್ರದ ದತ್ತಾಂಶಕ್ಕೆ ಸೇರುತ್ತದೆ.

ವರದಿಗೆ ತೀರ ಅಗತ್ಯವಾದವು ನಾಲ್ಕು: ರೋಗಿ ಯಾರೆಂಬುದರ ಗುರುತು (ಹೆಸರಿನ ಮೊದಲಕ್ಷರಗಳು, ವಯಸ್ಸು), ಏನಾಯಿತು, ಯಾವ ಔಷಧದ ಮೇಲೆ ಅನುಮಾನ, ವರದಿ ಮಾಡುತ್ತಿರುವವರು ಯಾರು. ಔಷಧವೇ ಕಾರಣ ಎಂದು ನೀವು ಸಾಧಿಸಿ ತೋರಿಸಬೇಕಿಲ್ಲ. ಅನುಮಾನ ಸಾಕು, ಕಾರಣದ ವಿಚಾರಣೆ ಅವರ ಕೆಲಸ. ಆದರೆ ವರದಿಗೆ ಬೆಲೆ ಬರುವುದು ಕಾಲಕ್ರಮದಿಂದ. ಮಾತ್ರೆ ಯಾವ ದಿನ ಆರಂಭ, ತೊಂದರೆ ಯಾವ ದಿನ ಕಂಡಿತು, ವೈದ್ಯರು ನಿಲ್ಲಿಸಿದ ಮೇಲೆ ಎಷ್ಟು ದಿನಕ್ಕೆ ತಗ್ಗಿತು, ಮತ್ತೆ ಆರಂಭಿಸಿದಾಗ ಮರಳಿತೇ ಎಂಬ ನಾಲ್ಕು ಸಂಗತಿಗಳನ್ನು ದಿನಾಂಕದೊಂದಿಗೆ ಹೇಳಿದರೆ, ಕಾರಣ ಔಷಧವೋ ಕಾಯಿಲೆಯೋ ಎಂದು ತೂಗಿ ನೋಡುವವರಿಗೆ ಹಿಡಿಯಲು ಒಂದು ಎಳೆ ಸಿಗುತ್ತದೆ. ನಿಮ್ಮ ನೋಟ್‌ಪುಸ್ತಕ ಸಾರ್ಥಕವಾಗುವುದು ಇಲ್ಲಿ. ಔಷಧದೊಂದಿಗೆ ಬರುವ ಕಾಗದದಲ್ಲಿ ಈಗಾಗಲೇ ಮುದ್ರಿಸಿರುವ ಅಡ್ಡಪರಿಣಾಮವಾದರೂ, ಅದು ಆಸ್ಪತ್ರೆ ಸೇರುವಷ್ಟು ಅಥವಾ ಕೆಲಸ ಬಿಡುವಷ್ಟು ಕಾಡಿದ್ದರೆ ತಿಳಿಸಲು ಹಿಂಜರಿಯಬೇಡಿ.

ಅಧ್ಯಯನಕ್ಕೆ ಸೇರಲು ಕೇಳಿದಾಗ

ಒಪಿಡಿಯ ಸಾಲಿನಲ್ಲಿ ಕಾದು ದಣಿದಿರುವಾಗ, ತಮಗೆ ಚಿಕಿತ್ಸೆ ಕೊಡುತ್ತಿರುವ ವೈದ್ಯರೇ "ಒಂದು ಸ್ಟಡಿ ಇದೆ, ಸೈನ್ ಮಾಡ್ತೀರಾ ಅಮ್ಮ?" ಎಂದು ಕೇಳಿದರೆ ಇಲ್ಲವೆನ್ನುವುದು ಕಷ್ಟ. ಅದಕ್ಕಾಗಿ ಮೊದಲ ನಿಯಮ: ಅಂದೇ ಸಹಿ ಹಾಕಬೇಡಿ. ಮಾಹಿತಿ ಪತ್ರದ ಪ್ರತಿಯನ್ನು ಕೇಳಿ ಪಡೆದು, ಮನೆಗೆ ತಂದು, ಓದಬಲ್ಲವರೊಬ್ಬರೊಂದಿಗೆ ಕೂತು ಓದಿ. ನಿಮಗೆ ಅರ್ಥವಾಗುವ ಭಾಷೆಯಲ್ಲಿ ಆ ಪತ್ರ ಸಿಗಬೇಕು ಎಂಬುದು ಕೃಪೆಯ ಮಾತಲ್ಲ, ನಿಯಮ. ಓದಲು ಬಾರದವರಾದರೆ ಸಂಶೋಧನಾ ತಂಡಕ್ಕೆ ಸೇರದ ಸಾಕ್ಷಿಯೊಬ್ಬರ ಎದುರಿನಲ್ಲಿ ಎಲ್ಲವನ್ನೂ ವಿವರಿಸಿ ಒಪ್ಪಿಗೆ ಪಡೆಯಬೇಕು. ಹೊಸ ರಾಸಾಯನಿಕ ಔಷಧದ ಪ್ರಯೋಗದಲ್ಲಿ ದುರ್ಬಲ ಸ್ಥಿತಿಯಲ್ಲಿರುವವರು ಪಾಲ್ಗೊಳ್ಳುವಾಗ ಒಪ್ಪಿಗೆಯ ಪ್ರಕ್ರಿಯೆಯನ್ನು ಧ್ವನಿ ಮತ್ತು ದೃಶ್ಯದಲ್ಲಿ ದಾಖಲಿಸಬೇಕೆಂಬ ವ್ಯವಸ್ಥೆಯೂ ಇದೆ. ಬಡ ರೋಗಿಗಳನ್ನು ತಿಳಿವಳಿಕೆಯಿಲ್ಲದೆ ಪ್ರಯೋಗಗಳಿಗೆ ಬಳಸಿಕೊಳ್ಳಲಾಗಿದೆ ಎಂದು ಸ್ವಾಸ್ಥ್ಯ ಅಧಿಕಾರ ಮಂಚ್ ಎಂಬ ಸಂಘಟನೆ ಸುಪ್ರೀಂ ಕೋರ್ಟಿನಲ್ಲಿ ಹೂಡಿದ ಮೊಕದ್ದಮೆಯಲ್ಲಿ 2013ರಲ್ಲಿ ಬಂದ ಆದೇಶದ ಫಲ ಅದು. ಹೋರಾಡಿ ಪಡೆದ ಈ ರಕ್ಷಣೆಗಳನ್ನು ಬಳಸಿಕೊಳ್ಳದೆ ಬಿಡುವುದು ಸರಿಯಲ್ಲ.

ಎರಡನೆಯದಾಗಿ, ಅಧ್ಯಯನದ ನೋಂದಣಿ ಸಂಖ್ಯೆಯನ್ನು ಕೇಳಿ. ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ ಇಂಡಿಯಾ, ಅಂದರೆ ಸಿಟಿಆರ್‌ಐ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ 2007ರ ಜುಲೈನಲ್ಲಿ ಆರಂಭವಾದ ಸಾರ್ವಜನಿಕ ದಾಖಲೆ. 2009ರಿಂದ ಔಷಧ ಪ್ರಯೋಗಗಳ ನೋಂದಣಿ ಕಡ್ಡಾಯ, 2018ರ ಏಪ್ರಿಲ್‌ನಿಂದ ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮುನ್ನವೇ ನೋಂದಣಿಯಾಗಬೇಕು. ಸಿಟಿಆರ್‌ಐ ಎಂಬುದರ ಮುಂದೆ ವರ್ಷ, ತಿಂಗಳು, ಅಂಕಿ ಇರುವ ಆ ಸಂಖ್ಯೆಯನ್ನು ಜಾಲತಾಣದಲ್ಲಿ ಹುಡುಕಿದರೆ ಅಧ್ಯಯನ ಯಾರದು, ಯಾವ ಆಸ್ಪತ್ರೆಗಳಲ್ಲಿ ನಡೆಯುತ್ತಿದೆ, ಪಾಲ್ಗೊಳ್ಳುವವರ ಹಿತ ಕಾಯಲು ಅಧ್ಯಯನವನ್ನು ಪರಿಶೀಲಿಸುವ ನೈತಿಕ ಸಮಿತಿಯ ಅನುಮತಿ ದೊರೆತಿದೆಯೇ, ಎಷ್ಟು ಜನ ಬೇಕಾಗಿದ್ದಾರೆ, ಮುಖ್ಯವಾಗಿ ಏನನ್ನು ಅಳೆಯುತ್ತಾರೆ ಎಂಬುದೆಲ್ಲ ಸಿಗುತ್ತದೆ. ಇಂಗ್ಲಿಷಿನಲ್ಲಿರುವುದರಿಂದ ಕಾಲೇಜು ಓದುವ ಮಕ್ಕಳ ನೆರವು ಬೇಕಾದೀತು. ಕೊನೆಯ ಅಂಶವನ್ನು ಎಲ್ಲಕ್ಕಿಂತ ಗಮನವಿಟ್ಟು ನೋಡಿ. ಅಳೆಯುವ ಪಟ್ಟಿಯಲ್ಲಿ ರಕ್ತದ ಅಂಕಿಗಳಷ್ಟೇ ಇದ್ದು ನೋವು, ಸುಸ್ತು, ದಿನದ ಕೆಲಸ, ಅಡ್ಡಪರಿಣಾಮ ಯಾವುದೂ ಇಲ್ಲದಿದ್ದರೆ, ಏಕಿಲ್ಲ ಎಂದು ಕೇಳಲು ನಿಮಗೆ ಹಕ್ಕಿದೆ. ಉತ್ತರಿಸುವ ರೀತಿಯಿಂದಲೇ ಆ ತಂಡದ ಬಗ್ಗೆ ಬಹಳಷ್ಟು ತಿಳಿಯುತ್ತದೆ.

ಮೂರನೆಯದು ಹಣ ಮತ್ತು ಹಾನಿಯ ಪ್ರಶ್ನೆ. ಸಂಶೋಧನೆಗಾಗಿಯೇ ಮಾಡುವ ಪರೀಕ್ಷೆಗಳ ಖರ್ಚನ್ನು ಪಾಲ್ಗೊಳ್ಳುವವರ ಮೇಲೆ ಹೊರಿಸಬಾರದೆಂದು ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಹೇಳುತ್ತದೆ. ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗಗಳ 2019ರ ನಿಯಮಗಳ ಪ್ರಕಾರ, ಪ್ರಯೋಗದಿಂದ ಹಾನಿಯಾದವರಿಗೆ ಉಚಿತ ಚಿಕಿತ್ಸೆ ಮತ್ತು ಪರಿಹಾರ ಸಿಗಬೇಕು. ಗಂಭೀರ ಘಟನೆ ನಡೆದರೆ ಮುಖ್ಯ ಸಂಶೋಧಕರು 24 ಗಂಟೆಯೊಳಗೆ ಔಷಧ ನಿಯಂತ್ರಕರಿಗೆ, ಪ್ರಾಯೋಜಕರಿಗೆ ಮತ್ತು ನೈತಿಕ ಸಮಿತಿಗೆ ತಿಳಿಸಬೇಕು. ಈ ಗಡುವು ಪಾಲನೆಯಾಗಬೇಕಾದರೆ ಸುದ್ದಿ ಮೊದಲು ಅವರಿಗೆ ಮುಟ್ಟಬೇಕಲ್ಲವೇ? ರಾತ್ರಿ ಊರಿನಲ್ಲಿ ತೊಂದರೆಯಾಗಿ ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಸೇರಿಸಿದಾಗ, ರೋಗಿ ಅಧ್ಯಯನವೊಂದರಲ್ಲಿದ್ದಾರೆ ಎಂಬುದು ಅಲ್ಲಿನ ವೈದ್ಯರಿಗೆ ಗೊತ್ತಿರುವುದಿಲ್ಲ. ಆದ್ದರಿಂದ ಅಧ್ಯಯನದ ಹೆಸರು, ಸಂಶೋಧಕರ ಮತ್ತು ನೈತಿಕ ಸಮಿತಿಯ ದೂರವಾಣಿ ಸಂಖ್ಯೆ ಇರುವ ಚೀಟಿಯನ್ನು ಆಧಾರ್ ಕಾರ್ಡಿನ ಜೊತೆ ಸದಾ ಇಟ್ಟುಕೊಳ್ಳಿ, ಮನೆಯಲ್ಲಿ ಇಬ್ಬರಿಗಾದರೂ ಅದು ಎಲ್ಲಿದೆಯೆಂದು ತಿಳಿದಿರಲಿ.

ಯಾವಾಗ ಬೇಕಾದರೂ, ಕಾರಣ ಹೇಳದೆಯೂ, ಅಧ್ಯಯನದಿಂದ ಹೊರಬರಬಹುದು. ಅದರಿಂದ ನಿಮ್ಮ ಎಂದಿನ ಚಿಕಿತ್ಸೆಗೆ ತೊಂದರೆಯಾಗಬಾರದು. ಆದರೆ ಸುಮ್ಮನೆ ಹೋಗುವುದನ್ನು ನಿಲ್ಲಿಸಬೇಡಿ. ಅಡ್ಡಪರಿಣಾಮ ತಾಳಲಾರದೆ ಬಿಟ್ಟಿರೋ, ಬಸ್ ಚಾರ್ಜಿಗೆ ಹಣವಿಲ್ಲದೆ ಬಿಟ್ಟಿರೋ ಎಂದು ತಿಳಿಸಿದರೆ, ಆ ಒಂದು ಮಾತು ಫಲಿತಾಂಶದ ಲೆಕ್ಕವನ್ನು ನಿಜಕ್ಕೆ ಹತ್ತಿರ ತರುತ್ತದೆ. ಔಷಧ ಹಿಡಿಸದವರೆಲ್ಲ ಸದ್ದಿಲ್ಲದೆ ಹೊರನಡೆದರೆ ಉಳಿದವರನ್ನು ನೋಡಿ ಅದು ಸುರಕ್ಷಿತವೆಂದು ಭಾವಿಸುವ ಅಪಾಯವಿದೆ.

ಪುನಶ್ಚೇತನದ ಅಧ್ಯಯನಗಳು

ವ್ಯಾಯಾಮ, ಫಿಸಿಯೋಥೆರಪಿ, ಕೈಕೆಲಸದ ತರಬೇತಿ ಇವುಗಳ ಅಧ್ಯಯನದಲ್ಲಿ ರೋಗಿಯ ಪಾತ್ರ ಇನ್ನೂ ದೊಡ್ಡದು, ಏಕೆಂದರೆ ಇಲ್ಲಿ ಚಿಕಿತ್ಸೆಯ ಬಹುಪಾಲು ನಡೆಯುವುದೇ ಮನೆಯಲ್ಲಿ. ಬ್ರಿಟನ್ನಿನಲ್ಲಿ 490 ಮಂದಿ ಸಂಧಿವಾತ ರೋಗಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಸಾರಾ ಎಂಬ ಅಧ್ಯಯನ ಇದಕ್ಕೆ ಒಳ್ಳೆಯ ಉದಾಹರಣೆ. ಎಲ್ಲರಿಗೂ ಎಂದಿನ ಆರೈಕೆ ಇತ್ತು. ಅರ್ಧದಷ್ಟು ಜನರಿಗೆ ಅದರ ಜೊತೆಗೆ ಕೈಗಳನ್ನು ಸಡಿಲಗೊಳಿಸುವ ಏಳು ಮತ್ತು ಬಲ ಹೆಚ್ಚಿಸುವ ನಾಲ್ಕು ವ್ಯಾಯಾಮಗಳನ್ನು ಕಲಿಸಿ, ಮನೆಯಲ್ಲಿ ಪ್ರತಿದಿನ ಮಾಡುವಂತೆ ಹೇಳಲಾಯಿತು. ಒಂದು ವರ್ಷದ ನಂತರ ಕೈಯ ಕಾರ್ಯಶಕ್ತಿಯನ್ನು ರೋಗಿಗಳೇ ತುಂಬಿದ ಪ್ರಶ್ನಾವಳಿಯಿಂದ ಅಳೆದಾಗ ಎಂದಿನ ಆರೈಕೆಯವರಲ್ಲಿ ಸುಮಾರು 3.6 ಅಂಕ, ವ್ಯಾಯಾಮ ಮಾಡಿದವರಲ್ಲಿ ಸುಮಾರು 7.9 ಅಂಕ ಸುಧಾರಣೆ ಕಂಡಿತು. ಊದಿದ ಕೀಲಿಗೆ ವ್ಯಾಯಾಮ ಮಾಡಿಸಿದರೆ ಕೆಡುತ್ತದೆ ಎಂಬ ಭಯಕ್ಕೆ ಅಲ್ಲಿ ಆಧಾರ ಸಿಗಲಿಲ್ಲ. ವ್ಯಾಯಾಮದಿಂದ ಗಂಭೀರ ಹಾನಿ ವರದಿಯಾಗಲಿಲ್ಲ. ಎರಡು ವರ್ಷ ಕಳೆದ ಮೇಲೆ ಮತ್ತೆ ನೋಡಿದಾಗ ವ್ಯಾಯಾಮ ಮಾಡುವವರ ಸಂಖ್ಯೆ ಕುಗ್ಗಿತ್ತು, ಜೊತೆಗೆ ಲಾಭವೂ ಕುಗ್ಗಿತ್ತು.

ಇಂಥ ಅಧ್ಯಯನದಲ್ಲಿ ಇರುವವರು ಪಾಲಿಸಬೇಕಾದದ್ದು ಒಂದೇ: ಮಾಡಿದ್ದನ್ನು ಮಾಡಿದಷ್ಟೇ ಬರೆಯುವುದು. ಹಬ್ಬದ ವಾರದಲ್ಲಿ ಎರಡೇ ದಿನ ಮಾಡಿದ್ದರೆ ಎರಡು ಎಂದೇ ಬರೆಯಿರಿ. ಏಳು ಎಂದು ಬರೆದರೆ, ಆಗದ ವ್ಯಾಯಾಮ ಫಲ ಕೊಡಲಿಲ್ಲ ಎಂಬ ತಪ್ಪು ತೀರ್ಮಾನಕ್ಕೆ ದಾರಿಯಾಗುತ್ತದೆ. ಏಕೆ ಆಗಲಿಲ್ಲ ಎಂಬುದು ಇನ್ನೂ ಮುಖ್ಯ. ಬೆಳಿಗ್ಗೆ ಕೈ ಬಿಗಿದಿರುವಾಗ ಮಾಡುವಂತೆ ಹೇಳಿದ್ದರು, ಸಂಜೆಯಾದರೆ ಸುಲಭವಿತ್ತು ಎಂಬ ನಿಮ್ಮ ಟಿಪ್ಪಣಿಯಿಂದ ಮುಂದಿನ ಅಧ್ಯಯನದ ವಿನ್ಯಾಸವೇ ಬದಲಾಗಬಹುದು. ವ್ಯಾಯಾಮದ ನಂತರದ ನೋವು ಎರಡು ಗಂಟೆಗಿಂತ ಹೆಚ್ಚು ಕಾಲ ಉಳಿದರೆ ಪ್ರಮಾಣ ಹೆಚ್ಚಾಯಿತೆಂದು ಫಿಸಿಯೋಥೆರಪಿಸ್ಟರು ಸಾಮಾನ್ಯವಾಗಿ ಹೇಳುತ್ತಾರೆ. ಅದನ್ನೂ, ಬಿದ್ದರೆ ಬಿದ್ದದ್ದನ್ನೂ, ಔಷಧದ ಅಡ್ಡಪರಿಣಾಮದಂತೆಯೇ ದಾಖಲಿಸಿ ತಿಳಿಸಬೇಕು. ವ್ಯಾಯಾಮಕ್ಕೆ ಅಡ್ಡಪರಿಣಾಮವೇ ಇಲ್ಲವೆಂದು ಭಾವಿಸಿ ಕೇಳದೆ ಬಿಡುವ ಸಂಶೋಧಕರೂ ಇದ್ದಾರೆ.

ಮನೆಯವರ ಪಾತ್ರದ ಬಗ್ಗೆ ಒಂದು ಮಾತು. ಪಾರ್ಶ್ವವಾಯುವಾದವರಿಗೆ ಮನೆಯವರಿಂದಲೇ ಪುನಶ್ಚೇತನ ಮಾಡಿಸಿದರೆ ಅನುಕೂಲವಾದೀತೇ ಎಂದು ಭಾರತದ 14 ಆಸ್ಪತ್ರೆಗಳಲ್ಲಿ 1250 ರೋಗಿಗಳನ್ನು ಸೇರಿಸಿಕೊಂಡು ನಡೆಸಿದ ಅಟೆಂಡ್ ಎಂಬ ಅಧ್ಯಯನದ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಆರು ತಿಂಗಳ ಕೊನೆಗೆ ಸಾವು ಅಥವಾ ಪರಾವಲಂಬನೆಯ ಪ್ರಮಾಣ ಮನೆಯವರಿಂದ ಪುನಶ್ಚೇತನ ಪಡೆದವರು ಮತ್ತು ಎಂದಿನ ಆರೈಕೆಯಷ್ಟೇ ಪಡೆದವರು ಎಂಬ ಎರಡೂ ಗುಂಪುಗಳಲ್ಲಿ ಶೇ 47ರಷ್ಟೇ ಇತ್ತು. ನಿರೀಕ್ಷಿಸಿದ ಲಾಭ ಕಾಣಲಿಲ್ಲ ಎಂದ ಮಾತ್ರಕ್ಕೆ ಇದು ವ್ಯರ್ಥವಾದ ಕೆಲಸವಲ್ಲ. ತರಬೇತಿ ಪಡೆದ ಚಿಕಿತ್ಸಕರ ಕೊರತೆಯನ್ನು ಸೊಸೆ, ಮಗಳು, ಹೆಂಡತಿಯರ ದುಡಿಮೆಯಿಂದ ತುಂಬಿಬಿಡಬಹುದು ಎಂದು ನಂಬಿ ಯೋಜನೆ ರೂಪಿಸುವವರು ಈ ಫಲಿತಾಂಶದ ಎದುರು ಒಮ್ಮೆ ನಿಂತು ಯೋಚಿಸಬೇಕು ಎಂಬುದು ನನ್ನ ಅಭಿಪ್ರಾಯ. ಮನೆಯವರ ಆರೈಕೆಗೆ ಬೆಲೆಯಿಲ್ಲವೆಂದು ಇದರರ್ಥವಲ್ಲ.

ಫಲಿತಾಂಶವನ್ನು ಓದುವಾಗ

"ಅಪಾಯ ಮೂರನೇ ಒಂದರಷ್ಟು ಹೆಚ್ಚು" ಎಂಬ ತಲೆಬರಹ ಕಂಡರೆ, ಸಾವಿರ ಜನರಲ್ಲಿ ಎಷ್ಟು ಮಂದಿಗೆ ಎಂದು ಕೇಳಿಕೊಳ್ಳಿ. ಟೋಫಾಸಿಟಿನಿಬ್ ಎಂಬ ಸಂಧಿವಾತದ ಮಾತ್ರೆ ಈಗ ನಮ್ಮಲ್ಲೂ ಅನೇಕರಿಗೆ ಸಿಗುತ್ತಿದೆ. ಐವತ್ತು ದಾಟಿದ, ಹೃದ್ರೋಗಕ್ಕೆ ಕಾರಣವಾಗಬಲ್ಲ ಒಂದಾದರೂ ಅಂಶವಿದ್ದ ಸಂಧಿವಾತ ರೋಗಿಗಳಲ್ಲಿ ಇದನ್ನು ಟಿಎನ್‌ಎಫ್ ಎಂಬ, ಉರಿಯೂತ ಹೆಚ್ಚಿಸುವ ಪ್ರೋಟೀನನ್ನು ತಡೆಯುವ ಚುಚ್ಚುಮದ್ದಿನೊಂದಿಗೆ ಹೋಲಿಸಿದ ದೊಡ್ಡ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಸುಮಾರು ನಾಲ್ಕು ವರ್ಷಗಳಲ್ಲಿ ಹೃದಯಾಘಾತ, ಪಾರ್ಶ್ವವಾಯುವಿನಂಥ ಗಂಭೀರ ಘಟನೆಗಳು ಮಾತ್ರೆಯವರಲ್ಲಿ ಶೇ 3.4, ಚುಚ್ಚುಮದ್ದಿನವರಲ್ಲಿ ಶೇ 2.5, ಕ್ಯಾನ್ಸರ್ ಶೇ 4.2 ಮತ್ತು ಶೇ 2.9. ಅಂದರೆ ಸಾವಿರ ಜನರಲ್ಲಿ ಹೃದಯದ ತೊಂದರೆ ಒಂಬತ್ತು ಮಂದಿಗೆ, ಕ್ಯಾನ್ಸರ್ ಹದಿಮೂರು ಮಂದಿಗೆ ಹೆಚ್ಚು. ಈ ಲೆಕ್ಕ ಮೂವತ್ತು ವರ್ಷದ, ಬೀಡಿ ಸಿಗರೇಟು ಮುಟ್ಟದವರಿಗೆ ನೇರವಾಗಿ ಅನ್ವಯಿಸುವುದಿಲ್ಲ, ಎಪ್ಪತ್ತರ, ಸಕ್ಕರೆ ಕಾಯಿಲೆಯೂ ಇರುವವರು ಇದನ್ನು ಕಡೆಗಣಿಸುವಂತಿಲ್ಲ. ಅಧ್ಯಯನದಲ್ಲಿದ್ದವರು ನಿಮ್ಮಂಥವರೇ ಎಂಬ ಪ್ರಶ್ನೆಯನ್ನು ವೈದ್ಯರ ಮುಂದಿಡಲು ಈ ಅಂಕಿಗಳೇ ಆಧಾರ. ಇಲ್ಲಿ ಹೆದರಿ ಮಾತ್ರೆ ಬಿಡುವುದೂ, ಕೇಳದೆ ನುಂಗುವುದೂ ಎರಡೂ ಹಾನಿಕರ.

ಕೇಳುವ ಹಕ್ಕನ್ನು ಅಧ್ಯಯನ ಮುಗಿದ ಮೇಲೂ ಬಿಟ್ಟುಕೊಡಬೇಡಿ. ಸಹಿ ಹಾಕುವ ದಿನವೇ ಎರಡು ಸಂಗತಿಗಳನ್ನು ಬರವಣಿಗೆಯಲ್ಲಿ ಪಡೆದುಕೊಳ್ಳುವುದು ಒಳ್ಳೆಯದು. ಒಂದು, ಫಲಿತಾಂಶವನ್ನು ಪಾಲ್ಗೊಂಡವರಿಗೆ ಕನ್ನಡದಲ್ಲಿ ಯಾವಾಗ, ಹೇಗೆ ತಿಳಿಸುತ್ತಾರೆ ಎಂಬುದು. ಇನ್ನೊಂದು, ಪ್ರಯೋಗದಲ್ಲಿ ಕೊಟ್ಟ ಔಷಧದಿಂದ ನಿಮಗೆ ಗುಣ ಕಂಡಿದ್ದರೆ, ಪ್ರಯೋಗ ಮುಗಿದ ಮರುದಿನದಿಂದ ಅದು ಸಿಗುತ್ತದೆಯೇ, ಸಿಕ್ಕರೆ ಯಾರ ಖರ್ಚಿನಲ್ಲಿ, ಎಷ್ಟು ಕಾಲ ಎಂಬುದು. ನೈತಿಕ ಸಮಿತಿಯಲ್ಲಿ ವೈದ್ಯರಲ್ಲದ ಸಾಮಾನ್ಯ ನಾಗರಿಕರೊಬ್ಬರು ಸದಸ್ಯರಾಗಿರಲೇಬೇಕೆಂಬ ನಿಯಮವಿದೆ. ಉತ್ತರ ಸಿಗದೆ ಹೋದರೆ ಆ ಸಮಿತಿಯ ಕಾರ್ಯದರ್ಶಿಯವರಿಗೆ, ಅಧ್ಯಯನದ ನೋಂದಣಿ ಸಂಖ್ಯೆಯನ್ನು ನಮೂದಿಸಿ, ಕನ್ನಡದಲ್ಲೇ ಒಂದು ಪತ್ರ ಬರೆದು ಸ್ವೀಕೃತಿ ಪಡೆಯಿರಿ.